ನೀರು ಹೊಡೆದ ತಾಕು: ಮೇವಿನ ಗೋವಿನಜೋಳ, ಲದ್ದಿ ಹುಳು ಮತ್ತು ಒಂದು ಮನೆಯ ಪರೀಕ್ಷೆ

"ಎಣ್ಣಿ ಹೊಡದ ಬಂದ್ರಿ, ಚಲೋ ಆತು. ಈಗ ಸಂಜೀಕ ಎಮ್ಮಿಗೆ ಏನ್ ಹಾಕ್ಲಿ?"

ಅತ್ತಿ ಕೇಳಿದ ಈ ಪ್ರಶ್ನೆಗೆ ಮಾವನ ಹತ್ತಿರ ಉತ್ತರ ಇರಲಿಲ್ಲ. ಪಂಪು ಇನ್ನೂ ಅವರ ಬೆನ್ನ ಮೇಲೇ ಇತ್ತು. ಕೃಷಿ ಓದಿದ ಅಳಿಯ ಅಂತ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ ನನ್ನ ಹತ್ತಿರವೂ ಇರಲಿಲ್ಲ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಅನ್ನುತ್ತಾರೆ. ಅಡುಗೆಗೆ ಹಾಕುವುದೂ ಎಣ್ಣಿಯೇ. ಯಾರಿಗೂ ಗೊಂದಲ ಆಗುವುದಿಲ್ಲ.

ಮಾವನ ಹೊಲ ಮೂಡಲಗಿ ತಾಲ್ಲೂಕಿನಲ್ಲಿ, ಘಟಪ್ರಭಾ ಎಡದಂಡೆ ಕಾಲುವೆಯ ಪಕ್ಕದಲ್ಲಿದೆ. ಹಿಡಕಲ್ ಡ್ಯಾಮಿನ ನೀರು ಬರುತ್ತದೆ, ಎತ್ತ ನೋಡಿದರೂ ಕಬ್ಬು. ಅದರ ನಡುವೆ ಇಪ್ಪತ್ತು ಗುಂಟೆ ಮಾತ್ರ ದನಕ್ಕೆ ಅಂತ ಬಿಟ್ಟಿದ್ದಾರೆ. ಮೂರು ಎಮ್ಮೆ, ಒಂದು ಎಚ್‌ಎಫ್ ಆಕಳು. ದಿನಕ್ಕೆ ಹೆಚ್ಚು ಕಡಿಮೆ ಒಂದು ಕ್ವಿಂಟಲ್ ಹಸಿ ಮೇವು ಬೇಕು. ಅದಕ್ಕಾಗಿ ಆಫ್ರಿಕನ್ ಟಾಲ್ ಗೋವಿನಜೋಳ ಬಿತ್ತುತ್ತಾರೆ. ಮೂರು ಸಾಲು ಗೋವಿನಜೋಳಕ್ಕೆ ಒಂದು ಸಾಲು ಅಲಸಂದಿ.

ಆ ಸಲ ಬೆಳೆಗೆ ಐವತ್ತು ದಿನ ದಾಟಿದಾಗ ಸುಳಿಯಲ್ಲಿ ಹುಳು ಜಾಸ್ತಿ ಕಂಡಿದ್ದವು. ಅಂಗಡಿಯವನು ಎರಡು ಡಬ್ಬಿ ಕೊಟ್ಟು, "ಎರಡೂ ಕೂಡ್ಸಿ ಹೊಡೀರಿ" ಅಂದಿದ್ದ. ಹೊಡೆದ ಮೇಲೆ ಉಳಿದದ್ದು ಅತ್ತಿಯ ಪ್ರಶ್ನೆ. ಮೂರು ದಿನ ಕಬ್ಬಿನ ಸೋಗೆ ಹಾಕಿದರು. ಹಾಲು ಇಳಿಯಿತು. ನಾಲ್ಕನೆಯ ದಿನ ಬೇರೆ ದಾರಿ ಕಾಣದೆ ಅದೇ ಮೇವಿಗೆ ಕುಡಗೋಲು ಹಚ್ಚಿದರು. ಎಮ್ಮೆಗೆ ಏನೂ ಆಗಲಿಲ್ಲ, ಅಂದರೆ ಕಣ್ಣಿಗೆ ಕಾಣುವಂಥದ್ದು ಏನೂ ಆಗಲಿಲ್ಲ. ಹಾಲಿನಲ್ಲಿ ಏನು ಹೋಯಿತು ಅಂತ ಯಾರೂ ನೋಡಲಿಲ್ಲ. ನಾಲ್ಕು ದಿನ ಕಾದದ್ದೂ ಲೆಕ್ಕ ಹಾಕಿ ಅಲ್ಲ, ಸೋಗೆ ಮುಗಿದದ್ದಕ್ಕೆ.

ಮೇವಿನ ಬೆಳೆಗೂ ಉಳಿದ ಬೆಳೆಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಹತ್ತಿಗೆ ಹೊಡೆದರೆ ಆ ಎಲೆಯನ್ನು ಯಾರೂ ಕೊಯ್ದು ದನಕ್ಕೆ ಹಾಕುವುದಿಲ್ಲ. ಕಾಳಿನ ಗೋವಿನಜೋಳಕ್ಕೆ ಇಪ್ಪತ್ತೈದನೆಯ ದಿನ ಹೊಡೆದರೆ ತೆನೆ ಮುರಿಯುವುದು ನೂರು ದಿನ ದಾಟಿದ ಮೇಲೆ. ತಿನ್ನುವ ಕಾಳಿನ ಮೇಲೆ ಸಿಪ್ಪೆ ಬೇರೆ ಇರುತ್ತದೆ. ಮೇವಿನಲ್ಲಿ ಹಾಗಲ್ಲ. ಎಣ್ಣಿ ಬೀಳುವ ಎಲೆಯೇ ಎಮ್ಮೆಯ ಊಟ. ಅರವತ್ತು ದಿನಕ್ಕೆ ಕೊಯ್ಲು ಶುರುವಾಗುತ್ತದೆ, ಅದೂ ಒಂದೇ ದಿನ ಅಲ್ಲ, ದಿನಕ್ಕೊಂದು ಪಟ್ಟಿ. ಡಬ್ಬಿಯ ಮೇಲೆ ಬೆಳೆ, ಹುಳು, ಪ್ರಮಾಣ, ಕೊನೆಯ ಸಿಂಪಡಣೆಯಿಂದ ಕೊಯ್ಲಿನವರೆಗೆ ಎಷ್ಟು ದಿನ ಕಾಯಬೇಕು ಅಂತ ಬರೆದಿರುತ್ತಾರೆ. ಮಾವ ತಂದ ಎರಡೂ ಡಬ್ಬಿಯ ಚೀಟಿಯನ್ನು ನಾನು ಕನ್ನಡಕ ಹಾಕಿಕೊಂಡು ಓದಿದೆ. 'ಮೇವು' ಅನ್ನುವ ಪದವೇ ಅದರಲ್ಲಿ ಇರಲಿಲ್ಲ.

ಮುಂದಿನ ಮುಂಗಾರಿಗೆ ನಾನೇ ಹೇಳಿದೆ: "ಮಾವ, ಈ ಸಲ ಐದು ಗುಂಟೆ ನನಗ ಬಿಡ್ರಿ. ಯಾವ ಎಣ್ಣಿ, ಯಾವಾಗ, ಖರೇನ ಬೇಕೋ ಬ್ಯಾಡೋ, ನೋಡೋಣು."

ಹುಳುವಿನ ಗುರುತು

ಲದ್ದಿ ಹುಳು, ಫಾಲ್ ಸೈನಿಕ ಹುಳು, ಹೆಸರು ಯಾವುದೇ ಇರಲಿ, ಇದು ಅಮೆರಿಕ ಖಂಡದಿಂದ ಬಂದದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು. ಭಾರತದಲ್ಲಿ ಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗದಲ್ಲೇ, 2018ರ ಮೇ ತಿಂಗಳಲ್ಲಿ, ಗೋವಿನಜೋಳದ ಮೇಲೆ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಇಷ್ಟು ನೋಡಿದರೆ ಸಾಕು, ಬೇರೆ ಹುಳುವಿನ ಜೊತೆ ತಪ್ಪು ಮಾಡುವುದಿಲ್ಲ.

ಎಳೆ ಹುಳು ಎಲೆಯ ಹಸಿರನ್ನು ಕೆರೆದು ತಿನ್ನುತ್ತದೆ, ಎಲೆ ಮೇಲೆ ಬಿಳಿ ಕಿಟಕಿ ಬಿದ್ದ ಹಾಗೆ ಕಾಣುತ್ತದೆ. ಬೆಳೆದಂತೆ ಸುಳಿಯೊಳಗೆ ಇಳಿದು ಕೂರುತ್ತದೆ. ಒಂದು ಸುಳಿಯಲ್ಲಿ ದೊಡ್ಡ ಹುಳು ಒಂದೋ ಎರಡೋ ಇರುತ್ತವೆ, ಯಾಕೆಂದರೆ ಒಂದನ್ನೊಂದು ತಿಂದುಬಿಡುತ್ತವೆ. ಕಟ್ಟಿಗೆ ಹೊಟ್ಟಿನಂಥ ತನ್ನದೇ ಲದ್ದಿಯಿಂದ ಸುಳಿಗೆ ಬೂಚು ಹಾಕಿಕೊಳ್ಳುತ್ತದೆ. ಆಮೇಲೆ ಮೇಲಿಂದ ಎಷ್ಟು ಹೊಡೆದರೂ ಹುಳುವಿಗೆ ತಟ್ಟುವುದಿಲ್ಲ. ಎರಡು ಮೂರು ವಾರ ಹೀಗೆ ತಿಂದು, ಮಣ್ಣಿಗೆ ಇಳಿದು ಕೋಶ ಕಟ್ಟುತ್ತದೆ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹದಿನಾರು ತಾಕು, ಒಂದು ಟೊಪ್ಪಿಗೆ

ಮಣ್ಣೆತ್ತಿನ ಅಮಾವಾಸ್ಯೆ ಆದ ಎರಡು ದಿನಕ್ಕೆ ಬಿತ್ತನೆ ಆಯಿತು. ಇಪ್ಪತ್ತನೆಯ ದಿನ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಗಿಡಗಳಲ್ಲಿ ಹುಳು ಇತ್ತು. ನಿಜ ಹೇಳಬೇಕೆಂದರೆ ಒಂದು ವಾರ ತಡವಾಗಿತ್ತು. ನೂರಕ್ಕೆ ಐದರಿಂದ ಹತ್ತು ಗಿಡಗಳಲ್ಲಿ ಕಂಡಾಗಲೇ ಎಚ್ಚರ ಆಗಬೇಕು. ಆ ವಾರ ನಾನು ಊರಿಗೆ ಹೋಗಿರಲಿಲ್ಲ.

ನಾಲ್ಕು ಉಪಚಾರ, ಅಂದರೆ ಹೋಲಿಸಿ ನೋಡಲು ನಾಲ್ಕು ಬಗೆಯ ಸಿಂಪಡಣೆ ಇಟ್ಟುಕೊಂಡೆವು. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ, ಲೀಟರಿಗೆ 0.4 ಮಿಲಿ. ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ, ಲೀಟರಿಗೆ 0.4 ಗ್ರಾಂ. ಬೇವಿನ ಬೀಜದ ಕಷಾಯ, ನೂರಕ್ಕೆ ಐದು, ಅಂದರೆ ಲೀಟರಿಗೆ 50 ಗ್ರಾಂ ಪುಡಿ ರಾತ್ರಿಯಿಡೀ ನೆನೆಸಿ ಬಟ್ಟೆಯಲ್ಲಿ ಹಿಂಡಿದ್ದು. ನಾಲ್ಕನೆಯದು ಬರೀ ನೀರು.

ವಿಷದ ಆಮಿಷವನ್ನು ಬೇಕಂತಲೇ ಬಿಟ್ಟೆವು. ಅಕ್ಕಿ ತೌಡು, ಬೆಲ್ಲ ಕಲಸಿ ಹುಳಿ ಬರಿಸಿ, ಅದಕ್ಕೆ ಥಯೋಡಿಕಾರ್ಬ್ ಸೇರಿಸಿ ಸುಳಿಗೆ ಉದುರಿಸುವ ಪದ್ಧತಿ ಕಾಳಿನ ಬೆಳೆಗೆ ಹೇಳುತ್ತಾರೆ. ದನ ತಿನ್ನುವ ಬೆಳೆಗೆ ತೌಡು ಬೆಲ್ಲದಲ್ಲಿ ವಿಷ ಕಲಸಿ ಹಾಕುವುದು ನನಗಂತೂ ಧೈರ್ಯ ಬರಲಿಲ್ಲ. ಮಾವನ ಕರು ಹಗ್ಗ ಬಿಚ್ಚಿಕೊಂಡು ಓಡುವುದರಲ್ಲಿ ಬೇರೆ ಹೆಸರುವಾಸಿ.

ಒಂದೊಂದು ಉಪಚಾರಕ್ಕೆ ನಾಲ್ಕು ತಾಕು, ಒಟ್ಟು ಹದಿನಾರು. ಒಂದು ತಾಕು ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ನಡುವೆ ಒಂದು ಮೀಟರ್ ಜಾಗ. ನಾಲ್ಕು ಸಲ ಯಾಕೆ, ಒಂದು ಸಲ ಸಾಲದೇ ಅಂತ ಮಾವ ಕೇಳಿದರು. ಅವರಿಗೇ ಗೊತ್ತಿರುವ ಮಾತನ್ನು ಹೇಳಿದೆ: ಕಾಲುವೆ ಕಡೆಯ ಪಟ್ಟಿಯಲ್ಲಿ ಬಸಿ ನೀರಿನಿಂದ ಬೆಳೆ ಹುಲುಸು, ಮೇಲಿನ ಪಟ್ಟಿಯಲ್ಲಿ ಕಲ್ಲು. ಒಂದೇ ಎಣ್ಣಿಯನ್ನು ಬರೀ ಕಾಲುವೆ ಕಡೆ ಹೊಡೆದರೆ ಹೆಸರು ಎಣ್ಣಿಗೆ ಹೋಗುತ್ತದೆ, ಕೆಲಸ ಬಸಿ ನೀರಿನದ್ದು. ಅದಕ್ಕೆ ಕಾಲುವೆಯಿಂದ ಮೇಲಕ್ಕೆ ನಾಲ್ಕು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ನಾಲ್ಕು ಉಪಚಾರ ಬರುವಂತೆ ಹಾಕಿದೆವು. ಯಾವ ತಾಕಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿ ಗೊತ್ತು ಮಾಡಿದೆವು. ಮಾವನ ಗಾಂಧಿ ಟೊಪ್ಪಿಗೆಯಲ್ಲಿ ನಾಲ್ಕು ಚೀಟಿ, ಎತ್ತಿದ್ದು ಅವರ ಮೊಮ್ಮಗಳು. ನಾಲ್ಕು ಪಟ್ಟಿಗೆ ನಾಲ್ಕು ಸಲ ಟೊಪ್ಪಿಗೆ ಅಲ್ಲಾಡಿಸಿದಳು. ಐದನೆಯ ಸಲವೂ ಎತ್ತುತ್ತೇನೆ ಅಂತ ಹಟ ಮಾಡಿದಳು.

ಜಗಳ ಬಿದ್ದದ್ದು ನೀರಿನ ತಾಕಿನ ವಿಷಯಕ್ಕೆ.

"ಬರೇ ನೀರು? ಪಂಪ್ ಹೊತ್ಕೊಂಡು ನೀರ್ ಹೊಡಿಯೂದು? ಯಾರರೆ ನೋಡಿದ್ರ ನಗತಾರ."

"ಹೂಂ ಮಾವ, ನೀರs."

"ಅಂದ್ರ ಆ ನಾಕ್ ತಾಕ್ ಹುಳಕ್ಕ ಊಟಕ್ಕ ಬಿಟ್ಟಂಗ ಆತಲ್ಲೋ ಅಳಿಯಾ."

ಹೌದು, ಬಿಟ್ಟಂಗೇ. ಎಂಬತ್ತು ಚದರ ಮೀಟರ್, ಒಂದು ಗುಂಟೆಗೂ ಕಡಿಮೆ. ಆದರೆ ಅದೊಂದನ್ನು ಬಿಡದಿದ್ದರೆ ಉಳಿದ ಹನ್ನೆರಡೂ ತಾಕು ಸುಮ್ನೆ ದಂಡ ಅಂತ ನನಗೆ ಗೊತ್ತಿತ್ತು. ಅವರಿಗೆ ಗೊತ್ತಾಗಿದ್ದು ಪಂಚಮಿ ಕಳೆದ ಮೇಲೆ.

ಅಳತೆ ದೊಡ್ಡ ತಲೆನೋವು. ಅಂಗಡಿಗಳಲ್ಲಿ 'ಪಂಪಿಗೆ ಒಂದು ಮುಚ್ಚಳ' ಅನ್ನುತ್ತಾರೆ. ಯಾವ ಡಬ್ಬಿಯ ಮುಚ್ಚಳ, ಅದರಲ್ಲಿ ಎಷ್ಟು ಹಿಡಿಯುತ್ತದೆ, ಯಾರೂ ಕೇಳುವುದಿಲ್ಲ. ನಾಲ್ಕು ತಾಕಿಗೆ ನಾಲ್ಕು ಲೀಟರ್ ನೀರು ಬೇಕು, ಅಂದರೆ 1.6 ಮಿಲಿ ಔಷಧ. ಸೂಜಿ ತೆಗೆದ ಹೊಸ ಸಿರಿಂಜಿನಲ್ಲಿ ಎಳೆದೆವು. ಎಮಾಮೆಕ್ಟಿನ್ ಹರಳು, ಅದು 1.6 ಗ್ರಾಂ ತೂಗಬೇಕು. ಮನೆಯಲ್ಲಿರುವುದು ಮೇವಿನ ಕಾಟಾ! ಅಕ್ಕಸಾಲಿಗರ ಹತ್ತಿರ ಹೋದರೆ, "ಬಂಗಾರ ತೂಗೂ ತಕ್ಕಡ್ಯಾಗ ವಿಷ ಇಡಬ್ಯಾಡ್ರಿ" ಅಂದರು. ಸರಿಯಾದ ಮಾತೇ. ಕೊನೆಗೆ 10 ಗ್ರಾಂ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಅದರಿಂದ 160 ಮಿಲಿ ತೆಗೆದುಕೊಂಡೆವು.

ಈ ಎಮಾಮೆಕ್ಟಿನ್ ಬಗ್ಗೆ ಒಂದು ಮಾತು. ದನಗಳಿಗೆ ಉಣ್ಣೆ, ಹೊಟ್ಟೆ ಹುಳುವಿಗೆ ಡಾಕ್ಟರು ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಇದೆಯಲ್ಲ, ಇದು ಅದರದ್ದೇ ಬಳಗ. ಎರಡರ ಮೂಲವೂ ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿ. ಐವರ್‌ಮೆಕ್ಟಿನ್ ಕಂಡುಹಿಡಿದದ್ದಕ್ಕೆ 2015ರಲ್ಲಿ ನೊಬೆಲ್ ಕೂಡ ಬಂದಿದೆ. ಇದನ್ನು ಹೇಳಿದಾಗ ಮಾವ, "ಹಂಗಾರ ಎಮ್ಮಿಗೆ ಔಷಧ ಆತಲ್ಲ" ಅಂತ ನಕ್ಕರು. ಅತ್ತಿ ನಗಲಿಲ್ಲ. ಆ ಇಂಜೆಕ್ಷನ್ ಮಾಡಿದಾಗ ಹಾಲು ಡೇರಿಗೆ ಹಾಕಬೇಡಿ ಅಂತ ಡಾಕ್ಟರು ಹೇಳಿ ಹೋದದ್ದು ಅವರಿಗೆ ನೆನಪಿತ್ತು.

ಎಣಿಕೆ

ಬಿತ್ತಿದ ಇಪ್ಪತ್ತೆರಡನೆಯ ದಿನ, ಗಾಳಿ ಇಲ್ಲದ ಸಂಜೆ ನೋಡಿ ಹೊಡೆದೆವು. ಹಿಂದಿನ ದಿನವೇ ಮೊದಲ ಎಣಿಕೆ ಆಗಿತ್ತು. ಪ್ರತಿ ತಾಕಿನ ಅಂಚು ಬಿಟ್ಟು, ಒಳಗಿನ ಹತ್ತು ಗಿಡ. ಒಂದು ಉಪಚಾರಕ್ಕೆ ನಲವತ್ತು.

ಎಣಿಸಿದ್ದು ಅತ್ತಿ. ನಾನೇ ಎಣಿಸಬಹುದಿತ್ತು, ಆದರೆ ಯಾವ ತಾಕಿಗೆ ಏನು ಬಿದ್ದಿದೆ ಅಂತ ನನಗೆ ಗೊತ್ತು. ಗೊತ್ತಿದ್ದವನ ಕಣ್ಣು ಎಣ್ಣಿ ಹೊಡೆದ ತಾಕಿನಲ್ಲಿ ಹುಳುವನ್ನು ಬೇಗ ಬಿಟ್ಟು ಮುಂದೆ ಹೋಗುತ್ತದೆ. ಅತ್ತಿಗೆ ನಾವು ಹೇಳಿರಲಿಲ್ಲ, ಅವರು ಕೇಳಲೂ ಇಲ್ಲ. ಬೆಳಿಗ್ಗೆ ಆರೂವರೆಗೆ, ಸೀರೆ ಮೇಲೆತ್ತಿ ಕಟ್ಟಿಕೊಂಡು, ಎರಡು ಬೆರಳಿನಲ್ಲಿ ಸುಳಿಯನ್ನು ಮೆತ್ತಗೆ ಬಿಡಿಸಿ, ಲದ್ದಿ ಒರೆಸಿ, "ಒಂದು. ಇಲ್ಲ. ಎರಡು, ಒಂದ್ ಸಣ್ಣದು" ಅಂತ ಹೇಳುತ್ತ ಹೋಗುವರು. ನಾನು ಹಿಂದೆ ವಹಿ ಹಿಡಿದು ಬರೆಯುತ್ತಿದ್ದೆ. ಒಂದು ತಾಕನ್ನು ಪರೀಕ್ಷೆಗೆಂದು ನಾನೂ ಎಣಿಸಿದೆ. ಅವರಿಗೆ ಎಂಟು ಸಿಕ್ಕಲ್ಲಿ ನನಗೆ ಆರು.

ಮೊದಲ ದಿನ ಎಲ್ಲ ಕಡೆ ಹುಳು ಹತ್ತಿರ ಹತ್ತಿರ ಅಷ್ಟೇ ಇದ್ದವು. ನಲವತ್ತು ಗಿಡಕ್ಕೆ ಕ್ಲೋರಾಂಟ್ರಾನಿಲಿಪ್ರೋಲ್ ತಾಕಿನಲ್ಲಿ 22, ಎಮಾಮೆಕ್ಟಿನ್‌ನಲ್ಲಿ 24, ಬೇವಿನಲ್ಲಿ 21, ನೀರಿನಲ್ಲಿ 23. ಹೊಡೆದ ಮೂರನೆಯ ದಿನ ಕ್ರಮವಾಗಿ 5, 6, 15, 24. ಏಳನೆಯ ದಿನ 2, 3, 11, 17.

ಮೂರನೆಯ ದಿನ ಮಾವನಿಗೆ ಒಂದು ಅನುಮಾನ ಬಂತು. ಎಮಾಮೆಕ್ಟಿನ್ ತಾಕಿನಲ್ಲಿ ಹುಳು ಇನ್ನೂ ಜೀವಂತ ಇವೆ, ಔಷಧ ಖೊಟ್ಟಿ ಅಂದರು. ಒಂದು ಹುಳುವನ್ನು ಅಂಗೈ ಮೇಲೆ ಹಾಕಿ ತೋರಿಸಿದೆ. ಅದು ಜೀವಂತ ಇತ್ತು, ಆದರೆ ತಿನ್ನುತ್ತಿರಲಿಲ್ಲ. ಅದರ ಸುಳಿಯಲ್ಲಿ ಹೊಸ ಲದ್ದಿ ಇಲ್ಲ, ಇದ್ದದ್ದು ಒಣಗಿ ಕಂದಾಗಿದೆ. ಮುಟ್ಟಿದರೆ ನೆಟ್ಟಗೆ ತಿರುಗುವ ಶಕ್ತಿಯೂ ಇಲ್ಲ. ಈ ಎರಡೂ ಔಷಧ ಹುಳುವನ್ನು ಬಿದ್ದ ಕೂಡಲೇ ಕೊಲ್ಲುವಂಥವಲ್ಲ. ಮೊದಲು ಬಾಯಿ ಕಟ್ಟುತ್ತವೆ, ಸಾವು ಎರಡು ನಾಲ್ಕು ದಿನಕ್ಕೆ. ಹಳೆಯ ಔಷಧಗಳ ಹಾಗೆ ಮರುದಿನ ಬೆಳಿಗ್ಗೆ ನೆಲದ ತುಂಬ ಹುಳು ಬಿದ್ದಿರಬೇಕು ಅಂತ ಕಾಯುವವರು ಇದನ್ನು ನೋಡಿ ಎರಡನೆಯ ಸಲ ಹೊಡೆದುಬಿಡುತ್ತಾರೆ.

ನಡುವೆ ಒಂದು ಎಡವಟ್ಟು. ಹೊಡೆದ ನಾಲ್ಕನೆಯ ದಿನ ಮಾವ ನನ್ನನ್ನು ಕೂಗಿ ಕರೆದರು. ಕಾಲುವೆ ಕಡೆಯ ನೀರಿನ ತಾಕಿನಲ್ಲಿ ಅಲಸಂದಿ ಎಲೆಗಳು ಬಟ್ಟಲಿನ ಹಾಗೆ ಮುದುರಿದ್ದವು, ತುದಿ ಬಳ್ಳಿ ಹಾವಿನ ಹಾಗೆ ಸುತ್ತಿಕೊಂಡಿತ್ತು. "ನೋಡಪಾ, ನಿನ್ನ ನೀರ್ ಹೊಡದ್ರೂ ಬೆಳಿ ಕೆಟ್ಟೈತಿ!" ಉಳಿದ ಮೂರು ನೀರಿನ ತಾಕುಗಳಲ್ಲಿ ಅಲಸಂದಿ ಚೆನ್ನಾಗಿತ್ತು.

ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ನಾವು ಹೊಡೆದದ್ದು ನೀರಿನಿಂದ ಶುರು ಮಾಡಿ, ಆಮೇಲೆ ಬೇವು, ಕೊನೆಗೆ ಔಷಧ. ಶುದ್ಧವಾದದ್ದು ಮೊದಲು ಅನ್ನುವ ಲೆಕ್ಕ. ಆದರೆ ಅದೇ ಪಂಪಿನಲ್ಲಿ ಹಿಂದಿನ ವಾರ ಕಬ್ಬಿನ ಕಳೆಗೆ 2,4-ಡಿ ಹೊಡೆದಿದ್ದರು. ಒಂದೇ ಸಲ ನೀರು ಕುಲುಕಿ ಚೆಲ್ಲಿ ತೊಳೆದದ್ದು. ಪೈಪಿನಲ್ಲಿ, ನಳಿಕೆಯಲ್ಲಿ ಉಳಿದದ್ದು ಮೊದಲ ತಾಕಿಗೆ ಬಿತ್ತು. 2,4-ಡಿ ಜೋಳದ ಜಾತಿಗೆ ಅಷ್ಟಾಗಿ ಏನೂ ಮಾಡುವುದಿಲ್ಲ, ಅಗಲ ಎಲೆಯ ಅಲಸಂದಿ ಅದಕ್ಕೆ ಬಹಳ ಸೂಕ್ಷ್ಮ. ಹುಳು ಇದ್ದದ್ದು ಗೋವಿನಜೋಳದಲ್ಲಿ, ಹಾಗಾಗಿ ಎಣಿಕೆಯನ್ನು ಹಾಗೇ ಇಟ್ಟುಕೊಂಡು ವಹಿಯಲ್ಲಿ ಈ ಸಂಗತಿ ಬರೆದೆ. ಪಂಪನ್ನು ಬಟ್ಟೆ ಒಗೆಯುವ ಸೋಡಾ ಹಾಕಿ, ಒಂದು ರಾತ್ರಿ ಬಿಟ್ಟು, ಮೂರು ಸಲ ತೊಳೆದೆವು.

ಇದು ನನ್ನದೇ ತಪ್ಪು, ಮಾವನದ್ದಲ್ಲ. ಆದರೆ ಯೋಚನೆ ಹತ್ತಿತು. ಅಲಸಂದಿ ಇದ್ದದ್ದಕ್ಕೆ ನಮಗೆ ಕಂಡಿತು. ಬರೀ ಗೋವಿನಜೋಳ ಇದ್ದಿದ್ದರೆ 'ನೀರು' ಅಂತ ಬರೆದುಕೊಂಡು ಹೋಗುತ್ತಿದ್ದೆವು, ಮತ್ತು ಎಮ್ಮೆ ಅದನ್ನು ತಿನ್ನುತ್ತಿತ್ತು. ಎಷ್ಟೋ ಮನೆಗಳಲ್ಲಿ ಕಬ್ಬಿಗೂ ಮೇವಿಗೂ ಒಂದೇ ಪಂಪು ಅಲ್ವಾ?

ಪಂಚಮಿಯ ಜಿಟಿ ಮಳೆ

ನಾಗರ ಪಂಚಮಿಯ ಆಸುಪಾಸಿನಲ್ಲಿ ಐದಾರು ದಿನ ಜಿಟಿಜಿಟಿ ಹಿಡಿಯಿತು. ಬಿಸಿಲೇ ಇಲ್ಲ. ಹಬ್ಬಕ್ಕೆ ಯಾರೂ ಹೊಲಕ್ಕೆ ಕಾಲಿಡಲಿಲ್ಲ. ಹದಿನಾಲ್ಕನೆಯ ದಿನದ ಎಣಿಕೆಗೆ ಹೋದಾಗ ಬೇವಿನ ತಾಕುಗಳಲ್ಲಿ ಹುಳು 21ರಿಂದ 7ಕ್ಕೆ ಇಳಿದಿದ್ದವು. ಮೂರರಲ್ಲಿ ಎರಡು ಪಾಲು ಮಾಯ. ಮಾವನಿಗೆ ಖುಷಿಯೋ ಖುಷಿ. ದುಡ್ಡಿಲ್ಲದ ಔಷಧ, ವಿಷ ಇಲ್ಲ, ಮನೆ ಮುಂದಿನ ಮರದ್ದು.

"ನೀರಿನ ತಾಕ್ ನೋಡೂಣ ಬರ್ರಿ" ಅಂದೆ.

ನೀರಿನ ತಾಕುಗಳಲ್ಲಿ 23 ಇದ್ದದ್ದು 8 ಆಗಿತ್ತು.

ಮಾವ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ತಾವೇ ಬಾಗಿ ಒಂದು ಸುಳಿ ಬಿಡಿಸಿದರು. ಅಲ್ಲಿ ಒಂದು ದೊಡ್ಡ ಹುಳು ಎಲೆಯನ್ನು ಕಚ್ಚಿ ಹಿಡಿದುಕೊಂಡೇ ಸತ್ತಿತ್ತು. ಕೊಳೆತಿರಲಿಲ್ಲ, ಕಡ್ಡಿಯಂತೆ ಸೆಟೆದಿತ್ತು. ಮೈಯೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ಪಕ್ಕದ ಗಿಡದಲ್ಲಿ ಇನ್ನೊಂದು, ಅದರ ಬಿಳಿಯ ಮೇಲೆ ತಿಳಿ ಹಸಿರು ಪುಡಿ. ಉಗುರಿನಲ್ಲಿ ತಟ್ಟಿದರೆ ವಿಭೂತಿಯ ಹಾಗೆ ಉದುರಿತು. ಇದು ಮೆಟಾರೈಜಿಯಂ ರೈಲೆಯಿ, ಹಳೆಯ ಹೆಸರು ನೊಮುರಿಯಾ. ಹುಳುವಿಗೆ ರೋಗ ತರುವ ಬೂಷ್ಟು. ಗಾಳಿಯಲ್ಲಿ ತೇವ ಇದ್ದರೆ ತಾನಾಗಿಯೇ ಹಬ್ಬುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇದರ ಮೇಲೆ ಬಹಳ ಕಾಲದಿಂದ ಕೆಲಸ ಮಾಡಿದ್ದಾರೆ, ಪುಡಿ ರೂಪದಲ್ಲಿ ಲೀಟರಿಗೆ ಎರಡು ಗ್ರಾಂ ಹಾಕಿ ಸಿಂಪಡಿಸಲು ಹೇಳುತ್ತಾರೆ. ನಮ್ಮ ಹೊಲದಲ್ಲಿ ಮಳೆಯೇ ಅದನ್ನು ಹಬ್ಬಿಸಿತ್ತು.

ಬೂಷ್ಟು ಒಂದೇ ಅಲ್ಲ. ಹೊಡೆಯುವಾಗಲೇ ದೊಡ್ಡದಾಗಿದ್ದ ಹುಳುಗಳು ಎರಡು ವಾರದಲ್ಲಿ ಮಣ್ಣಿಗೆ ಇಳಿದು ಕೋಶ ಕಟ್ಟಿದ್ದವು. ಬುಡದ ಮಣ್ಣು ಎರಡು ಬೆರಳು ಕೆದರಿದರೆ ಕೆಂಪು ಕಂದು ಕೋಶ ಸಿಕ್ಕವು. ಅವು ಸತ್ತದ್ದಲ್ಲ, ಪತಂಗವಾಗಿ ಮತ್ತೆ ಬರುವಂಥವು. ಸುಳಿಯಲ್ಲಿ ಮಾತ್ರ ಇಲ್ಲ.

ಇದನ್ನು ಲೆಕ್ಕಕ್ಕೆ ತರಲು ಒಂದು ಸೂತ್ರ ಇದೆ, ಹೆಂಡರ್‌ಸನ್ ಮತ್ತು ಟಿಲ್ಟನ್ ಅನ್ನುವವರು 1955ರಲ್ಲಿ ಕೊಟ್ಟದ್ದು. ಸರಳವಾಗಿ ಹೇಳಿದರೆ, ಔಷಧದ ತಾಕಿನಲ್ಲಿ ಉಳಿದ ಪಾಲನ್ನು ನೀರಿನ ತಾಕಿನಲ್ಲಿ ಉಳಿದ ಪಾಲಿನಿಂದ ಭಾಗಿಸಿ, ಬಂದದ್ದನ್ನು ನೂರಕ್ಕೆ ಇಷ್ಟು ಅಂತ ಮಾಡಿ ನೂರರಿಂದ ಕಳೆಯುವುದು. ಬೇವಿನಲ್ಲಿ ನೂರಕ್ಕೆ 33.3 ಉಳಿದವು, ನೀರಿನಲ್ಲಿ 34.8. ಹದಿನಾಲ್ಕನೆಯ ದಿನಕ್ಕೆ ಬೇವು ತಾನಾಗಿ ಮಾಡಿದ ಕೆಲಸ ನೂರಕ್ಕೆ ನಾಲ್ಕು ಮಾತ್ರ. ಏಳನೆಯ ದಿನ ಇದೇ ಲೆಕ್ಕ ಹಾಕಿದರೆ ಬೇವಿಗೆ 29, ಎಮಾಮೆಕ್ಟಿನ್‌ಗೆ 83, ಕ್ಲೋರಾಂಟ್ರಾನಿಲಿಪ್ರೋಲ್‌ಗೆ 88. ಆ ಎರಡರ ನಡುವಿನ ಐದು ಅಂಕಕ್ಕೆ ನಾನು ಬೆಲೆ ಕೊಡುವುದಿಲ್ಲ. ನಲವತ್ತು ಗಿಡದಲ್ಲಿ ಒಂದು ಹುಳು ಅತ್ತಿತ್ತ ಆದರೆ ಅದು ಹೋಗುತ್ತದೆ.

ಬೇವಿಗೆ ನಾವು ಅನ್ಯಾಯ ಮಾಡಿದೆವು ಅಂತಲೂ ಹೇಳಬೇಕು. ಬೇವು ಎಳೆ ಹುಳುವಿನ ಔಷಧ. ತಿನ್ನುವ ಆಸೆ ಕೆಡಿಸುತ್ತದೆ, ಪೊರೆ ಬಿಡುವುದನ್ನು ತಡೆಯುತ್ತದೆ. ಮೊದಲ ಬಿಳಿ ಕಿಟಕಿ ಕಂಡ ದಿನ ಹೊಡೆಯಬೇಕಿತ್ತು. ನಾವು ಹೊಡೆದದ್ದು ಸುಳಿಯಲ್ಲಿ ಬೂಚು ಹಾಕಿ ಕೂತ ಹುಳುವಿಗೆ. ಹಾಗಾಗಿ 'ಬೇವು ಕೆಲಸ ಮಾಡುವುದಿಲ್ಲ' ಅಂತ ಈ ಹೊಲ ಹೇಳಲಿಲ್ಲ. 'ತಡವಾದರೆ ಮಾಡುವುದಿಲ್ಲ' ಅಂತ ಹೇಳಿತು, ಅಷ್ಟೇ.

ಕಾಟಾ

ಹುಳು ಎಣಿಸಿದ್ದಾಯಿತು. ಎಮ್ಮೆ ಹುಳುವಿನ ಲೆಕ್ಕ ಕೇಳುವುದಿಲ್ಲ, ಮೇವು ಎಷ್ಟು ಅಂತ ಕೇಳುತ್ತದೆ. ಅರವತ್ತೆರಡನೆಯ ದಿನ ಪ್ರತಿ ತಾಕಿನ ನಡುವೆ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಅಳೆದು, ಗೋವಿನಜೋಳವನ್ನು ಮಾತ್ರ ಕೊಯ್ದು ತೂಗಿದೆವು. ನಾಲ್ಕು ತಾಕು ಕೂಡಿಸಿ ನೀರಿನದ್ದು 61 ಕಿಲೋ, ಬೇವಿನದ್ದು 62, ಎಮಾಮೆಕ್ಟಿನ್‌ದು 69, ಕ್ಲೋರಾಂಟ್ರಾನಿಲಿಪ್ರೋಲ್‌ದು 70.

ಇಪ್ಪತ್ತೈದನೆಯ ದಿನ ನೀರಿನ ತಾಕುಗಳನ್ನು ನೋಡಿದವರು ಅಲ್ಲಿ ಬೆಳೆ ಉಳಿಯುತ್ತದೆ ಅಂತ ಹೇಳುತ್ತಿರಲಿಲ್ಲ. ಎಲೆಯೆಲ್ಲ ಜರಡಿ. ಆದರೆ ಬೆಳೆಯುವ ತುದಿ ಉಳಿದಿದ್ದರೆ ಗೋವಿನಜೋಳ ಹೊಸ ಎಲೆ ಬಿಡುತ್ತದೆ, ಹರಿದ ಎಲೆ ಕೆಳಗೆ ಹೋಗಿ ಮುಚ್ಚಿಹೋಗುತ್ತದೆ. ಕಾಲುವೆ ಕಡೆಯ ನೀರಿನ ತಾಕು, ಮೇಲಿನ ಕಲ್ಲು ಪಟ್ಟಿಯ ಔಷಧದ ತಾಕಿಗಿಂತ ಹೆಚ್ಚು ತೂಗಿತು. ಮಾವ ಇದನ್ನು ತಾವೇ ತೂಗಿದ್ದರಿಂದ ನಂಬಿದರು.

ಹಾಗಂತ ಒಂಬತ್ತು ಕಿಲೋ ಕಡಿಮೆಯೇನಲ್ಲ. ಹದಿನಾರು ಚದರ ಮೀಟರಿಗೆ ಒಂಬತ್ತು ಕಿಲೋ ಅಂದರೆ ಇಪ್ಪತ್ತು ಗುಂಟೆಗೆ ಒಂದು ಟನ್ನಿಗಿಂತ ತುಸು ಹೆಚ್ಚು. ಮಾವನ ಕೊಟ್ಟಿಗೆಗೆ ಹನ್ನೊಂದು ದಿನದ ಮೇವು. ಒಂದು ಸಿಂಪಡಣೆ ದಂಡ ಅಲ್ಲ, ಗಿಡ ಚಿಕ್ಕದಿದ್ದಾಗ ಹೊಡೆದರೆ. ಎರಡನೆಯದಕ್ಕೆ ನಾವು ಕೈ ಹಾಕಲಿಲ್ಲ, ಬೇಕಾಗಲೂ ಇಲ್ಲ. ಹಿಂದಿನ ಸಲ ಐವತ್ತು ದಿನ ದಾಟಿದ ಮೇಲೆ ಜೋಡಿ ಎಣ್ಣಿ ಹೊಡೆದದ್ದು ಯಾಕೆ ಅಂತ ಈಗ ಯೋಚಿಸಿದರೆ, ಹುಳು ಕಂಡವು, ಅದಕ್ಕೆ ಹೊಡೆದರು. ಆ ವಯಸ್ಸಿನ ಬೆಳೆಯಲ್ಲಿ ಹತ್ತು ದಿನ ಬಿಟ್ಟು ಕುಡಗೋಲು ಹಚ್ಚುವುದೇ ಹುಳುವಿಗೆ ಮದ್ದಾಗುತ್ತಿತ್ತು.

ಕೊಟ್ಟಿಗೆಯ ಗೋಡೆ

ಈಗ ಕೊಟ್ಟಿಗೆಯ ಗೋಡೆಯ ಮೇಲೆ ಅತ್ತಿ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾರೆ. ಇಪ್ಪತ್ತು ಗುಂಟೆಯನ್ನು ಮೂರು ಭಾಗ ಮಾಡಿ ಇಪ್ಪತ್ತು ದಿನಕ್ಕೊಂದು ಭಾಗ ಬಿತ್ತುತ್ತಾರೆ. ಪ್ರತಿ ಭಾಗದ ಮುಂದೆ ಬಿತ್ತಿದ ದಿನ, ಹೊಡೆದ ದಿನ, ಕೊಯ್ಲು ಶುರುವಾಗುವ ದಿನ. ಬಿತ್ತಿ ಮೂವತ್ತೈದು ದಿನ ಆದ ಮೇಲೆ ಪಂಪು ಬಂದ್. ಡಬ್ಬಿಯ ಮೇಲಿನ ಕಾಯುವ ದಿನಕ್ಕಿಂತ ಇದು ಜಾಸ್ತಿಯೇ ಆಗುತ್ತದೆ, ಇರಲಿ. ಆ ದಿನ ಬೇರೆ ಬಳಕೆಗೆ ಬರೆದದ್ದು. ಮೇವಿಗೆ ಅಂತಲೇ ಮಾಡಿದ ಪಂಪು ಈಗ ಬೇರೆ, ಅದಕ್ಕೆ ಹಸಿರು ಬಣ್ಣ ಬಳಿದಿದ್ದಾರೆ.

ಓಣಿಯಲ್ಲಿ ಒಬ್ಬರ ಆಕಳು ಸತ್ತಾಗ ಎಲ್ಲರೂ ಎಣ್ಣಿಯ ಮೇಲೆ ಹಾಕಿದ್ದರು, ಅದೂ ಈ ಸಮಯದಲ್ಲೇ ಬಂದ ಮಾತು. ಅದು ತಿಂದದ್ದು ನೀರಿಲ್ಲದೆ ಬಾಡಿದ ಎಳೆ ಜೋಳದ, ಅಂದರೆ ರೊಟ್ಟಿ ಮಾಡುವ ಜೋಳದ ಕೂಳೆ. ಎಳೆ ಜೋಳದಲ್ಲಿ ತನ್ನದೇ ಸಯನೈಡ್ ವಿಷ ಇರುತ್ತದೆ, ಗೋವಿನಜೋಳದಲ್ಲಿ ಆ ಭಯ ಇಲ್ಲ. ಸಯನೈಡ್ ಆದರೆ ದನ ಏದುಸಿರು ಬಿಟ್ಟು ಬಹಳ ಬೇಗ ಬೀಳುತ್ತದೆ, ರಕ್ತ ಹೊಳೆಯುವ ಕೆಂಪಗಿರುತ್ತದೆ. ಹಳೆಯ ರಂಜಕದ ಜಾತಿಯ ಎಣ್ಣಿಯಾದರೆ ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಚುಕ್ಕಿಯಷ್ಟಾಗುತ್ತದೆ, ಭೇದಿ ಆಗುತ್ತದೆ, ಡಾಕ್ಟರು ಅಟ್ರೋಪಿನ್ ಕೊಡುತ್ತಾರೆ. ಎರಡರ ಮದ್ದೂ ಬೇರೆ. ದನ ಏನು ತಿಂದಿತು, ಅದಕ್ಕೆ ಯಾವತ್ತು ಏನು ಹೊಡೆದಿತ್ತು ಅಂತ ಡಾಕ್ಟರು ಬಂದಾಗ ಹೇಳಲು ಆ ಗೋಡೆ ಬೇಕಾಗುತ್ತದೆ. ಖಾಲಿ ಡಬ್ಬಿಯನ್ನೂ ಕೊಯ್ಲು ಮುಗಿಯುವವರೆಗೆ ಎಸೆಯುವುದಿಲ್ಲ, ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಕಟ್ಟಿಟ್ಟಿರುತ್ತಾರೆ.

ಹಿಂಗಾರಿಗೆ ಮಾವ ಎರಡು ಗುಂಟೆ ಕುದುರೆ ಮೆಂತೆ ಹಾಕಿದರು. ಅದರ ಲೆಕ್ಕವೇ ಬೇರೆ. ಮೊದಲ ಕೊಯ್ಲು ಆದ ಮೇಲೆ ಇಪ್ಪತ್ತೈದು ಮೂವತ್ತು ದಿನಕ್ಕೊಮ್ಮೆ ಕುಡಗೋಲು ಬೀಳುತ್ತದೆ, ಎಣ್ಣಿಗೆ ಜಾಗವೇ ಇಲ್ಲ. ಚಳಿಗೆ ಸಸ್ಯಹೇನು ಹತ್ತಿದವು. ಫೋನ್ ಬಂತು.

"ಅಳಿಯಾ, ಮೆಂತೇಕ ಹೇನು ಬಿದ್ದಾವು. ಗುಲಗಂಜಿ ಹುಳಾನೂ ಅದಾವು, ಹೇನು ತಿನ್ನಾಕತ್ತಾವು. ನಾಕ್ ದಿನ ಮೊದಲs ಕೊಯ್ದ ಬಿಡ್ತೇನಿ. ಮತ್ತ ಚಿಗತ ಮ್ಯಾಲೆ ಬಂದ್ರ ಬೇವು ಹೊಡೀತೇನಿ."

"ಹೂಂ ಮಾವ, ಹಂಗs ಮಾಡ್ರಿ."

"ಅದಿರ್ಲಿ, ನೀರ್ ಹೊಡ್ಯಾಕ ಯಾ ಮಡಿ ಬಿಡ್ಲಿ? ದಂಡೀದೋ, ನಡಬರಕಿಂದೋ?"